ಆಕಾಶದಲ್ಲಿ ಒಂದು ‘ಹೂಂ’

ಹಿತ್ತಿಲಲ್ಲಿ ಬಟ್ಟೆ ಒಣಗಿಹಾಕುತ್ತಾ ನೀವು “ಹಾಲಿನ ಒಲೆ ಆರಿಸಿಬಿಡು” ಅಂತ ಕೂಗುತ್ತೀರಿ. ಒಳಗಿನಿಂದ “ಹೂಂ” ಎಂಬ ಉತ್ತರ ಬರುತ್ತದೆ. ಆ ‘ಹೂಂ’ ಅಂದರೆ ಕೇಳಿಸಿತು ಅಂತಲೋ, ಆರಿಸಿದೆ ಅಂತಲೋ, ಆಮೇಲೆ ನೋಡೋಣ ಅಂತಲೋ? ಹಾಲು ಉಕ್ಕಿದ ಮೇಲೇ ಗೊತ್ತಾಗೋದು! ಮನೆಯಲ್ಲಾದರೆ ಒಲೆ ಒರೆಸಿದರೆ ಮುಗಿಯಿತು. ಇಂಥದೇ ‘ಹೂಂ’ ವಿಮಾನದ ಪೈಲಟ್‌ಗೂ ನೆಲದ ಮೇಲಿರುವ ಕಂಟ್ರೋಲರ್‌ಗೂ ನಡುವೆ ಬಂದರೆ ಏನಾದೀತು, ಯೋಚಿಸಿದ್ದೀರಾ?

ಯಾವ ವಿಮಾನ ಯಾವಾಗ ಏರಬೇಕು, ಎಷ್ಟು ಎತ್ತರಕ್ಕೆ ಇಳಿಯಬೇಕು ಎಂದು ಹೇಳುವವರು ಕಂಟ್ರೋಲರ್‌ಗಳು. ಇವರಿಗೆ ಪೈಲಟ್‌ನ ಮುಖ ಕಾಣದು, ಕಣ್ಣಿನ ಭಾವ ತಿಳಿಯದು. ಇರುವುದೆಲ್ಲ ರೇಡಿಯೋದ ಧ್ವನಿ ಒಂದೇ. ಅದರಲ್ಲೂ ಒಂದು ಸಲಕ್ಕೆ ಒಬ್ಬರು ಮಾತ್ರ ಮಾತಾಡಬಹುದು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಕೇಳುವವರಿಗೆ ಕಿರ್ರೆಂಬ ಸದ್ದೇ ಗತಿ.

ಒಂದು ‘ಓಕೆ’ಯ ಬೆಲೆ

1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಅಲ್ಲಿಗೆ ಹೋಗಬೇಕಾದ ಎಷ್ಟೋ ವಿಮಾನಗಳು ಇಲ್ಲಿಗೆ ಬಂದು ಕಿಕ್ಕಿರಿದಿದ್ದವು. ಸಾಲದೆಂಬಂತೆ ದಟ್ಟವಾದ ಮಂಜು. ಡಚ್ಚರ ಕೆ.ಎಲ್.ಎಂ. ಜಂಬೋ ವಿಮಾನ ರನ್‌ವೇ ತುದಿಯಲ್ಲಿ ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ಜಂಬೋ ಅದೇ ರನ್‌ವೇ ಮೇಲೆ ಇನ್ನೂ ನಿಧಾನವಾಗಿ ಬರುತ್ತಿತ್ತು.

ಕಂಟ್ರೋಲರ್ ಡಚ್ ವಿಮಾನಕ್ಕೆ ಹೇಳಿದ್ದು, ಮೇಲೇರಿದ ನಂತರ ಯಾವ ದಾರಿ ಹಿಡಿಯಬೇಕು ಎಂಬುದನ್ನು ಮಾತ್ರ. ‘ಹೊರಡಿ’ ಅಂತ ಅಲ್ಲ. ಆದರೆ ಆ ಕಡೆಯಿಂದ “ನಾವೀಗ ಟೇಕಾಫ್‌ನಲ್ಲಿದ್ದೇವೆ” ಎಂಬಂಥ ಮಾತು ಬಂತು. ಹೊರಡಲು ಸಿದ್ಧವಾಗಿ ನಿಂತಿದ್ದಾರೆ ಅಂತ ಕಂಟ್ರೋಲರ್ ತಿಳಿದ. ಅವರೋ ಆಗಲೇ ಓಡಲು ಶುರು ಮಾಡಿದ್ದರು! “ಓಕೆ” ಅಂದ ಕಂಟ್ರೋಲರ್, ಕಾಯಿರಿ, ನಾನೇ ಕರೆಯುತ್ತೇನೆ ಅಂತ ಸೇರಿಸಿದ. ಅದೇ ಗಳಿಗೆಗೆ ಪ್ಯಾನ್ ಆಮ್ ಪೈಲಟ್ ತಾವಿನ್ನೂ ರನ್‌ವೇ ಮೇಲೇ ಇದ್ದೇವೆ ಅಂದ. ಎರಡು ಮಾತೂ ಒಂದರ ಮೇಲೊಂದು ಬಿದ್ದು, ಡಚ್ ಪೈಲಟ್‌ಗಳಿಗೆ ‘ಓಕೆ’ ಕೇಳಿಸಿತು, ಮುಂದಿನದು ಕಿರ್ರೆಂಬ ಸದ್ದಾಯಿತು. ಎರಡು ಜಂಬೋಗಳ ಡಿಕ್ಕಿಯಲ್ಲಿ 583 ಜನ ಸತ್ತರು.

ಆಮೇಲೆ ನಿಯಮವೇ ಬದಲಾಯಿತು. ಹೊರಡಲು ಅಪ್ಪಣೆ ಕೊಡುವಾಗ, ಇಲ್ಲವೇ ಕೊಟ್ಟದ್ದನ್ನು ಹಿಂತೆಗೆಯುವಾಗ ಮಾತ್ರ ‘ಟೇಕಾಫ್’ ಎಂಬ ಪದ ಬಳಸಬೇಕು.

ಅಂಕಿಗಳ ಪಾಡೂ ಇಷ್ಟೇ. 1989ರ ಫೆಬ್ರವರಿ 19ರಂದು ಕ್ವಾಲಾಲಂಪುರದ ಬಳಿ ಒಂದು ಸರಕು ವಿಮಾನಕ್ಕೆ 2400 ಅಡಿಗೆ ಇಳಿಯಲು ಹೇಳಿದರು. “ಟೂ ಫೋರ್ ಝೀರೋ ಝೀರೋ” ಎಂಬುದರಲ್ಲಿನ ‘ಟೂ’ ಪೈಲಟ್‌ಗೆ ಎರಡು ಅಂತ ಕೇಳಿಸಲಿಲ್ಲ, ‘400ಕ್ಕೆ’ ಇಳಿಯಿರಿ ಅನ್ನೋ ಹಾಗೆ ಕೇಳಿಸಿತು. ಆತ “ಫೋರ್ ಝೀರೋ ಝೀರೋ” ಅಂತ ತಿರುಗಿ ಹೇಳಿದರೂ ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು, ಇದ್ದ ನಾಲ್ವರೂ ಹೋದರು.

ಸಂಕೋಚವೇ ಶತ್ರು

ನನ್ನ ಮನಸ್ಸನ್ನು ಬಹಳ ಕಲಕಿದ್ದು ಕೊಲಂಬಿಯಾದ ಏವಿಯಾಂಕಾ ವಿಮಾನದ ಕತೆ. 1990ರ ಜನವರಿ 25ರ ರಾತ್ರಿ, ನ್ಯೂಯಾರ್ಕ್‌ನಲ್ಲಿ ಹವೆ ಕೆಟ್ಟಿತ್ತು. ಆ ವಿಮಾನವನ್ನು ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತಿಸಿ ಕಾಯಿಸಿದರು. ಇಂಧನ ತಳ ಕಾಣುತ್ತಾ ಬಂತು. ರೇಡಿಯೋದಲ್ಲಿ ಮಾತಾಡುತ್ತಿದ್ದ ಸಹ ಪೈಲಟ್ ತಮಗೆ ‘ಪ್ರಯಾರಿಟಿ’ ಬೇಕು ಅಂದ. ಮೊದಲ ಸಲ ಇಳಿಯಲಾಗದೆ ಮತ್ತೆ ಮೇಲೇರಿದಾಗ, ಇಂಧನ ಮುಗಿಯುತ್ತಿದೆ ಅಂತಲೂ ಹೇಳಿದ. ಆದರೆ ‘ಎಮರ್ಜೆನ್ಸಿ’ ಎಂಬ ಪದ ಬಾಯಿಂದ ಬರಲಿಲ್ಲ. ಆ ಪದ ಬಂದಿದ್ದರೆ ಕಂಟ್ರೋಲರ್ ಬೇರೆಲ್ಲರನ್ನೂ ಸರಿಸಿ ದಾರಿ ಬಿಡಬೇಕಾಗುತ್ತಿತ್ತು.

ಎಮರ್ಜೆನ್ಸಿ ಅಂತ ಹೇಳಿದೆಯಾ ಎಂದು ಕ್ಯಾಪ್ಟನ್ ತಮ್ಮ ಸ್ಪ್ಯಾನಿಷ್ ಭಾಷೆಯಲ್ಲಿ ಕೇಳಿದರು. ಹೇಳಿದ್ದೇನೆ ಅಂದ ಆತ. ಅವನ ಮಟ್ಟಿಗೆ ಅವನು ಹೇಳಿಯೇ ಇದ್ದ! ಇನ್ನೊಂದು ಸುತ್ತು ಕಳಿಸುತ್ತೇನೆ, ನಿಮ್ಮ ಇಂಧನಕ್ಕೆ ಪರವಾಗಿಲ್ಲವೇ ಅಂತ ಕಂಟ್ರೋಲರ್ ಕೇಳಿದಾಗಲೂ, ಆಗಬಹುದು, ಬಹಳ ಥ್ಯಾಂಕ್ಸ್ ಎಂಬ ಉತ್ತರ. ಸ್ವಲ್ಪ ಹೊತ್ತಿಗೆ ಎಂಜಿನ್‌ಗಳು ಒಂದೊಂದಾಗಿ ನಿಂತವು. 158 ಜನರಲ್ಲಿ 73 ಮಂದಿ ಉಳಿಯಲಿಲ್ಲ. ಪ್ರಾಣ ಹೋಗುವ ಹೊತ್ತಲ್ಲೂ ಮರ್ಯಾದೆಯ ಮಾತು! ನಮ್ಮ ಹೆಂಗಸರು ಎದೆನೋವು ಬಂದರೂ “ಏನಿಲ್ಲ, ಸ್ವಲ್ಪ ಸುಸ್ತು ಅಷ್ಟೆ” ಅನ್ನುವುದು ನೆನಪಾಗುವುದಿಲ್ಲವೇ?

ಒಬ್ಬರೇ ಹಾರುವವರು

ದೊಡ್ಡ ವಿಮಾನದಲ್ಲಿ ಕೊನೆಯ ಪಕ್ಷ ಇಬ್ಬರಾದರೂ ಇರುತ್ತಾರೆ. ಒಬ್ಬರಿಗೆ ಕೇಳಿಸದ್ದು ಇನ್ನೊಬ್ಬರಿಗೆ ಕೇಳಿಸೀತು. ಸ್ವಂತ ಸಂತೋಷಕ್ಕಾಗಿ ಪುಟ್ಟ ವಿಮಾನ ಹಾರಿಸುವವರು ಎಷ್ಟೋ ಸಲ ಒಬ್ಬರೇ. ವಿಮಾನ ನಡೆಸಬೇಕು, ನಕ್ಷೆ ನೋಡಬೇಕು, ಮಧ್ಯೆ ಪಟಪಟನೆ ಬರುವ ಸೂಚನೆಯನ್ನೂ ಹಿಡಿಯಬೇಕು. ಪೂರ್ತಿ ಅರ್ಥವಾಗದಿದ್ದರೂ, ದಡ್ಡರು ಅಂದುಕೊಂಡಾರೆಂಬ ನಾಚಿಕೆಗೆ “ರೋಜರ್” ಅಂದುಬಿಡುವ ಆಸೆ ಬರುವುದು ಇಲ್ಲೇ. ‘ರೋಜರ್’ ಅಂದರೆ ನಿಮ್ಮ ಮಾತು ಕೇಳಿಸಿತು ಅಂತಷ್ಟೇ ಅರ್ಥ. ಹೇಳಿದ ಹಾಗೆ ಮಾಡುತ್ತೇನೆ ಅನ್ನುವುದಕ್ಕೆ ‘ವಿಲ್ಕೋ’ ಎಂಬ ಬೇರೆ ಪದವೇ ಇದೆ.

ಅದಕ್ಕೇ ರನ್‌ವೇ, ಎತ್ತರ, ದಿಕ್ಕು ಮುಂತಾದ ಮುಖ್ಯ ಸೂಚನೆಗಳನ್ನು ಪೈಲಟ್ ಹಾಗೇ ತಿರುಗಿ ಒಪ್ಪಿಸಬೇಕು, ಕಂಟ್ರೋಲರ್ ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದಬೇಕು. ತಿಳಿಯದಿದ್ದರೆ ‘ಸೇ ಅಗೇನ್’, ಆಗದಿದ್ದರೆ ‘ಅನೇಬಲ್’, ಅಪಾಯವೆಂದರೆ ಮೂರು ಸಲ ‘ಮೇಡೇ’. ಅಮೆರಿಕದಲ್ಲಿ ಕಲಿಯುವವರು ಮೊದಲೇ ‘ಸ್ಟೂಡೆಂಟ್ ಪೈಲಟ್’ ಅಂತ ಹೇಳಿಕೊಳ್ಳುವ ಪದ್ಧತಿಯಿದೆ. ಆಗ ಕಂಟ್ರೋಲರ್ ನಿಧಾನವಾಗಿ ಬಿಡಿಸಿ ಹೇಳಬಹುದು. ಹೀಗೆ ಹೇಳಿಕೊಂಡರೆ ಯಾರ ಗೌರವವೂ ಕಡಿಮೆಯಾಗದು.

ಈಗ ನಮ್ಮ ಹೆಣ್ಣುಮಕ್ಕಳೂ ವಿಮಾನ ಹಾರಿಸಲು ಕಲಿಯುತ್ತಿದ್ದಾರೆ, ಸಂತೋಷ. ಅವರಿಗೆ ಇಂಗ್ಲಿಷ್, ಗಣಿತ ಎಲ್ಲವನ್ನೂ ಶಾಲೆಯವರು ಕಲಿಸುತ್ತಾರೆ. ಆದರೆ “ನನಗೆ ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ” ಅನ್ನುವ ಧೈರ್ಯ ಚಿಕ್ಕಂದಿನಲ್ಲಿ ಮನೆಯಲ್ಲೇ ಬರಬೇಕು. ಮಗು ಎರಡನೇ ಸಲ ಕೇಳಿದಾಗ “ಕಿವಿ ಕೇಳಿಸಲ್ವಾ?” ಅಂತ ಗದರಿಸುವ ಮುನ್ನ ಒಂದು ಕ್ಷಣ ತಡೆಯಿರಿ. ಕೇಳಿ ತಿಳಿದುಕೊಳ್ಳುವ ಮಗು ಎಲ್ಲಿಗೆ ಹೋದರೂ ಕ್ಷೇಮವಾಗಿ ಇಳಿಯುತ್ತದೆ.