ಚದರ ಕನ್ನಡಿ, ದುಂಡು ಬಿಸಿಲು

ಒಂದು ಸಣ್ಣ ಕನ್ನಡಿಯನ್ನು ತೆಗೆದುಕೊಳ್ಳಿರಿ. ಅದರ ಮೇಲೆ ಕಪ್ಪು ಕಾಗದವನ್ನು ಅಂಟಿಸಿ, ಕಾಗದದ ನಡುವೆ ಒಂದು ಸೆಂಟಿಮೀಟರ್ ಉದ್ದಗಲದ ಚೌಕವನ್ನು ಕತ್ತರಿಸಿ ತೆಗೆಯಿರಿ. ಈಗ ಬಿಸಿಲಿನಲ್ಲಿ ನಿಂತು, ಆ ಚೌಕದ ಬೆಳಕನ್ನು ಹತ್ತು ಮೀಟರ್ ದೂರದ ನೆರಳುಗೋಡೆಯ ಮೇಲೆ ಬೀಳಿಸಿರಿ. ಗೋಡೆಯ ಮೇಲೆ ಚೌಕವು ಕಾಣಬೇಕಷ್ಟೆ? ಕಾಣುವುದು ಅಂಗೈಯಗಲದ ದುಂಡು ಬಿಸಿಲು. ಚೌಕದ ಬದಲು ಮುಕ್ಕೋಣವನ್ನು ಕತ್ತರಿಸಿದರೂ ಫಲ ಅದೇ.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಸೂರ್ಯನು ಒಂದು ಬಿಂದುವಲ್ಲ, ಒಂದು ತಟ್ಟೆ. ಆ ತಟ್ಟೆಯ ಪ್ರತಿಯೊಂದು ಬಿಂದುವೂ ಕನ್ನಡಿಯ ಮೂಲಕ ಗೋಡೆಯ ಮೇಲೆ ತನ್ನದೇ ಆದ ಪುಟ್ಟ ಚೌಕವೊಂದನ್ನು ಮೂಡಿಸುತ್ತದೆ. ಗೋಡೆಯು ಹತ್ತಿರವಿದ್ದರೆ ಈ ಚೌಕಗಳೆಲ್ಲ ಒಂದರ ಮೇಲೊಂದು ಕುಳಿತು ಚೌಕವಾಗಿಯೇ ಉಳಿಯುತ್ತವೆ. ಗೋಡೆಯು ದೂರ ಸರಿದಂತೆ ಅವು ಸೂರ್ಯನ ತಟ್ಟೆಯ ಆಕಾರದಲ್ಲಿ ಹರಡಿಕೊಳ್ಳುತ್ತವೆ. ಗೋಡೆಯ ಮೇಲೆ ನಾವು ನೋಡುವುದು ಸೂರ್ಯನ ಬಿಂಬವನ್ನೇ. ದೂರವನ್ನು ಸುಮಾರು ೧೦೮ರಿಂದ ಭಾಗಿಸಿದರೆ ಬಿಂಬದ ವ್ಯಾಸವು ದೊರೆಯುತ್ತದೆ. ಹತ್ತು ಮೀಟರಿಗೆ ಒಂಬತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚು. ಸೂರ್ಯನ ದೂರವಾದ ೧೫ ಕೋಟಿ ಕಿಲೋಮೀಟರನ್ನೂ ಅದೇ ೧೦೮ರಿಂದ ಭಾಗಿಸಿರಿ, ಸೂರ್ಯನ ವ್ಯಾಸವು ಸುಮಾರು ೧೪ ಲಕ್ಷ ಕಿಲೋಮೀಟರೆಂದು ತಿಳಿಯುತ್ತದೆ. ಇಷ್ಟು ಅಗ್ಗವಾದ ಖಗೋಳಶಾಸ್ತ್ರ ಬೇರೊಂದಿಲ್ಲ.

ಒಂದು ವರ್ಷ ಫೆಬ್ರುವರಿ ೨೮ರ ವಿಜ್ಞಾನ ದಿನದಂದು ಈ ಪ್ರಯೋಗವನ್ನು ಹೊತ್ತುಕೊಂಡು, ನನ್ನ ಕೆಲವು ವಿದ್ಯಾರ್ಥಿಗಳೊಡನೆ ಮುದ್ದೇಬಿಹಾಳ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದೆ. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಮೀಪದ ಲಂಬಾಣಿ ತಾಂಡಾದವರು. ‘ಬಿಸಿಲು ಏಕೆ ದುಂಡಗಾಯಿತು?’ ಎಂದು ಕೇಳಿದೆ. ತರಗತಿಯು ಮೌನವಾಯಿತು. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಸಾಲುಗಳಲ್ಲಿ ಗುಜುಗುಜು ಎದ್ದು, ಅದು ಜಗಳದಷ್ಟು ಏರಿತು. ನಾನು ಮೇಜನ್ನು ತಟ್ಟಿ ‘ಗದ್ದಲ ಬೇಡ’ ಎಂದು ಗದರಿಸಿದೆ. ಮತ್ತೆ ಮೌನ. ಕೊನೆಗೆ ಉತ್ತರವನ್ನು ನಾನೇ ಹೇಳಿ ಮುಗಿಸಿದೆ.

ಹೊರಗೆ ಬಂದಾಗ ಅಲ್ಲಿನ ಉಪಾಧ್ಯಾಯರೊಬ್ಬರು ಮೆಲ್ಲಗೆ ಹೇಳಿದರು: ‘ಸರ, ಅವ್ರು ಗದ್ದಲ ಮಾಡಾಕತ್ತಿದ್ದಿಲ್ರಿ. ನೀವು ಕೇಳಿದ್ದನ್ನ ತಮ್ಮ ಮಾತಿನಾಗ ಮಾತಾಡಾಕತ್ತಿದ್ರು.’

ನನ್ನ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಿದ್ದವರ ಬಾಯನ್ನೇ ನಾನು ಮುಚ್ಚಿಸಿದ್ದೆನು. ನಾಚಿಕೆಯಿಂದ ಮತ್ತೆ ಒಳಗೆ ಹೋಗಿ, ಯಾವ ಮಾತಿನಲ್ಲಿ ಬೇಕಾದರೂ ಚರ್ಚಿಸಿರಿ ಎಂದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಏನೂ ಹೇಳದೆ ಎದ್ದು ಬಂದಳು. ಕನ್ನಡಿಯನ್ನು ಹಿಡಿದು ಗೋಡೆಯ ಹತ್ತಿರ, ಹತ್ತಿರ ನಡೆದಳು. ದುಂಡು ಬಿಸಿಲು ಕಿರಿದಾಗಿ, ಮೂಲೆಗಳು ಮೂಡಿ, ಚೌಕವಾಯಿತು. ‘ಸಮೀಪ ಬಂದ್ರ ಕನ್ನಡಿ ಕಾಣ್ತೈತ್ರಿ, ದೂರ ಹೋದ್ರ ಸೂರ್ಯ ಕಾಣ್ತೈತ್ರಿ ಸರ’ ಎಂದಳು. ನಾನು ಹಲಗೆಯ ಮೇಲೆ ಬರೆದಿದ್ದ ವಿವರಣೆಗಿಂತ ಈ ವಾಕ್ಯ ಮೇಲೆಂದು ಈಗಲೂ ನನ್ನ ಮತ.

ಊಟದ ಬಿಡುವಿನಲ್ಲಿ ಅವಳೇ ತಾಂಡಾಕ್ಕೆ ಓಡಿಹೋಗಿ, ಅಜ್ಜಿಯ ಹಳೆಯ ಕಾಂಚಳಿಯ ಹರಕೊಂದನ್ನು ತಂದಳು. ಲಂಬಾಣಿ ಹೆಂಗಸರ ಕಾಂಚಳಿ, ಫೇಟಿಯಾಗಳ ಕಸೂತಿಯಲ್ಲಿ ಕನ್ನಡಿಯ ಚೂರುಗಳನ್ನು ಕೂಡಿಸಿ ಹೊಲಿಯುವುದು ವಾಚಕರಿಗೆ ತಿಳಿದದ್ದೇ. ಸಂಡೂರಿನ ಈ ಕಸೂತಿಗೆ ೨೦೧೦ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಆ ಚೂರುಗಳಿಂದ ಗೋಡೆಯ ಮೇಲೆ ಸೂರ್ಯನು ಮೂಡಲೇ ಇಲ್ಲ. ಬರಿಯ ಮಸುಕು ಬೆಳಕು. ಭೌತಶಾಸ್ತ್ರದ ಎಂ.ಎಸ್‌ಸಿ. ಓದಿದ ನನಗೆ ಕಾರಣವು ಕೂಡಲೆ ಹೊಳೆಯಲಿಲ್ಲ. ಬೆರಳಿನಿಂದ ಸವರಿ ನೋಡಿದಾಗ ತಿಳಿಯಿತು: ಚೂರು ಸಮತಲವಾಗಿಲ್ಲ, ತುಸು ಉಬ್ಬಾಗಿದೆ. ಹಿಂದೆ ಪಶ್ಚಿಮ ಭಾರತದಲ್ಲಿ ಕಸೂತಿಯ ಕನ್ನಡಿಗಳನ್ನು ಊದಿದ ಗಾಜಿನ ಗೋಳಗಳ ಒಳಮೈಗೆ ಲೋಹವನ್ನು ಬಳಿದು, ಗೋಳವನ್ನು ಒಡೆದು ಕತ್ತರಿಸುತ್ತಿದ್ದರು. ಹಾಗಾಗಿ ಪ್ರತಿಯೊಂದು ಚೂರೂ ಒಂದು ಉಬ್ಬುಗನ್ನಡಿ. ಅದು ಬೆಳಕನ್ನು ಚೆದರಿಸುತ್ತದೆ. ಅದರಲ್ಲಿ ಇಣುಕಿದರೆ ಇಡೀ ಅಂಗಳವೇ ಕಿರಿದಾಗಿ, ನೆಟ್ಟಗೆ ಕಾಣುತ್ತದೆ. ಪಠ್ಯಪುಸ್ತಕದ ಮುಂದಿನ ಪಾಠವೇ ಅದು. ಅಂದು ಆ ಪಾಠವನ್ನು ಆರಂಭಿಸಿದವನು ನಾನಲ್ಲ.

ಈ ಮಕ್ಕಳ ಮನೆಮಾತನ್ನು ಕುರಿತು ಕೆಲವು ಸಂಗತಿಗಳನ್ನು ಹೇಳಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಯ ಸೀಮೆಯಲ್ಲಿ ಹರಡಿರುವ ತಾಂಡಾಗಳ ಜನ ತಮ್ಮನ್ನು ‘ಗೋರ್’ ಎಂದು ಕರೆದುಕೊಳ್ಳುತ್ತಾರೆ. ಅವರ ಮಾತು ಗೋರ್ ಬೋಲಿ. ಎತ್ತುಗಳ ಬೆನ್ನಿನ ಎರಡು ಪಕ್ಕಗಳಿಗೂ ಸಮಭಾರದ ಚೀಲಗಳನ್ನು ಹೇರಿ, ಉಪ್ಪನ್ನೂ ಧಾನ್ಯವನ್ನೂ ದೇಶದುದ್ದಕ್ಕೂ ಸಾಗಿಸುತ್ತಿದ್ದವರು ಇವರ ಪೂರ್ವಿಕರು. ಹತ್ತೊಂಬತ್ತನೆಯ ಶತಮಾನದ ರಸ್ತೆಗಳೂ ರೈಲುಗಳೂ ಆ ಕಸುಬನ್ನು ಕಿತ್ತುಕೊಂಡುವು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳನ್ನು ಹಾದುಹೋಗುವ ಹೊಟಗಿ–ಗದಗ ಮಾರ್ಗವೂ ೧೮೮೦ರ ದಶಕದ್ದೇ. ಇವರನ್ನು ಆದಿವಾಸಿಗಳೆನ್ನಬಹುದೇ ಎಂಬ ಪ್ರಶ್ನೆಗೆ ಸರಕಾರಗಳಲ್ಲಿಯೇ ಒಮ್ಮತವಿಲ್ಲ. ಕರ್ನಾಟಕದಲ್ಲಿ ಇವರು ಪರಿಶಿಷ್ಟ ಜಾತಿ, ತೆಲಂಗಾಣ ಮತ್ತು ಆಂಧ್ರಗಳಲ್ಲಿ ಪರಿಶಿಷ್ಟ ಪಂಗಡ, ಭೀಮೆಯನ್ನು ದಾಟಿ ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ. ತರಗತಿಯ ಕಷ್ಟವು ಮಾತ್ರ ಮೂರು ಕಡೆಗಳಲ್ಲಿಯೂ ಒಂದೇ.

ಗೋರ್ ಬೋಲಿಯು ರಾಜಸ್ಥಾನಿಯ ಹತ್ತಿರದ ನಂಟು. ೨೦೧೧ರ ಜನಗಣತಿಯಲ್ಲಿ ೩೨ ಲಕ್ಷಕ್ಕೂ ಹೆಚ್ಚು ಜನ ಲಂಬಾಡಿಯನ್ನು ತಮ್ಮ ಮಾತೃಭಾಷೆಯೆಂದು ಬರೆಯಿಸಿದರು. ಗಣತಿಯು ಅದನ್ನು ಹಿಂದಿಯ ಲೆಕ್ಕದಲ್ಲಿ ಸೇರಿಸಿಬಿಟ್ಟಿತು. ಅದರಲ್ಲಿ ತಾಯಿ ‘ಯಾಡಿ’, ಹುಡುಗ ‘ಛೋರಾ’, ಹುಡುಗಿ ‘ಛೋರಿ’, ಮನೆ ‘ಘರ್’. ಕನ್ನಡದಂತೆ ನಪುಂಸಕಲಿಂಗವೆಂಬುದಿಲ್ಲ, ಜಡವಸ್ತುಗಳೂ ಗಂಡು ಇಲ್ಲವೆ ಹೆಣ್ಣು. ಆದುದರಿಂದ ತಾಂಡಾದ ಮಗು ಶಾಲೆಗೆ ಬಂದ ಹೊಸದರಲ್ಲಿ ಕಲ್ಲು ‘ಬಿದ್ದ’ ಎಂದರೆ ಅದು ದಡ್ಡತನವಲ್ಲ, ಒಂದು ವ್ಯಾಕರಣದಿಂದ ಇನ್ನೊಂದಕ್ಕೆ ಮಾಡುತ್ತಿರುವ ಅನುವಾದ. ಇನ್ನೊಂದು ಸ್ವಾರಸ್ಯವುಂಟು. ನಮ್ಮ ಕಡೆಯ ಆಡುಮಾತಿನಲ್ಲಿ ಮಹಾಪ್ರಾಣಗಳು ಸವೆದುಹೋಗಿವೆ. ಗೋರ್ ಬೋಲಿಯಲ್ಲಿ ಅವು ಮನೆಮಾತಿನ ಭಾಗ. ಘನ, ಘರ್ಷಣೆ, ಭಾರ, ಧ್ವನಿ ಎಂಬ ಪಾರಿಭಾಷಿಕ ಪದಗಳನ್ನು ತಾಂಡಾದ ಮಕ್ಕಳು ಕನ್ನಡ ಮಕ್ಕಳಿಗಿಂತ ಶುದ್ಧವಾಗಿ ಉಚ್ಚರಿಸುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇದನ್ನು ಅವರಿಗೆ ಯಾರಾದರೂ ಹೇಳಿರುವರೇ?

ಬುದ್ಧಿಯನ್ನು ಅಳೆಯುವ ಅಳತೆಗೋಲು ಯಾರದು ಎಂಬುದರ ಮೇಲೆ ಫಲಿತಾಂಶವು ನಿಲ್ಲುತ್ತದೆ. ಆಫ್ರಿಕದ ಲೈಬೀರಿಯದಲ್ಲಿ ಕ್ಪೆಲ್ಲೆ ಎಂಬ ಜನರಿದ್ದಾರೆ. ಅವರ ಮಕ್ಕಳಿಗೆ ಗಣಿತವೇಕೆ ಹತ್ತುವುದಿಲ್ಲವೆಂದು ಪರೀಕ್ಷಿಸಿದ ಜಾನ್ ಗೇ ಮತ್ತು ಮೈಕೇಲ್ ಕೋಲ್ ಎಂಬ ವಿದ್ವಾಂಸರು ತಮ್ಮ ಗ್ರಂಥವನ್ನು ೧೯೬೭ರಲ್ಲಿ ಪ್ರಕಟಿಸಿದರು. ಬೋಗುಣಿಯಲ್ಲಿ ಎಷ್ಟು ಬಟ್ಟಲು ಅಕ್ಕಿಯಿದೆಯೆಂದು ಕಣ್ಣಳತೆಯಿಂದ ಹೇಳುವ ಪರೀಕ್ಷೆಯಲ್ಲಿ, ಓದುಬರಹವಿಲ್ಲದ ಕ್ಪೆಲ್ಲೆ ರೈತರು ವಿದ್ಯಾವಂತರಾದ ಅಮೆರಿಕನರನ್ನು ಹಿಂದಕ್ಕೆ ಹಾಕಿದರು. ಬತ್ತ ಬೆಳೆದು ಅಳೆದು ಮಾರುವವರಿಗೆ ಅದು ದಿನದ ಕೆಲಸ.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧಿಸಲು ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ ೩೫೦ಎ ವಿಧಿಯು ೧೯೫೬ರಿಂದಲೂ ಹೇಳುತ್ತಿದೆ. ಒಡಿಶಾ ರಾಜ್ಯವು ೨೦೦೭ರ ಸುಮಾರಿಗೆ ಹತ್ತು ಬುಡಕಟ್ಟು ಭಾಷೆಗಳಲ್ಲಿ ಆರಂಭದ ತರಗತಿಗಳನ್ನು ನಡೆಸತೊಡಗಿತು. ನಮ್ಮ ತಾಂಡಾಗಳಿಗೆ ಬೇರೆ ಪಠ್ಯಪುಸ್ತಕಗಳೇ ಬೇಕೆಂದು ನಾನು ವಾದಿಸುವುದಿಲ್ಲ. ಕನ್ನಡವು ಈ ಮಕ್ಕಳಿಗೆ ಅನ್ನದ ಭಾಷೆಯೂ ಹೌದು, ಅದನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಮೊದಲ ಎರಡು ವರ್ಷ ತರಗತಿಯಲ್ಲಿ ಗೋರ್ ಬೋಲಿ ಬಲ್ಲ ಒಬ್ಬರಿರಲಿ, ತಾಂಡಾದಲ್ಲಿಯೇ ಓದಿದ ಹೆಣ್ಣುಮಕ್ಕಳು ಈಗ ಬೇಕಾದಷ್ಟು ಮಂದಿ ಇದ್ದಾರೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಲಂಬಾಣಿ ನೃತ್ಯವಿಲ್ಲದಿದ್ದರೆ ನಮಗೆ ಕಳೆಗಟ್ಟುವುದಿಲ್ಲ. ಮರುದಿನದ ಪಾಠದಲ್ಲಿ ಆ ಜನರ ಒಂದು ಶಬ್ದಕ್ಕೂ ಪ್ರವೇಶವಿಲ್ಲ. ಕಾಂಚಳಿಯ ಕನ್ನಡಿಯನ್ನು ತೋರಿಸಿ ಪಾಠ ಹೇಳಿದ ಮಾತ್ರಕ್ಕೆ ನಾನೂ ಈ ದೋಷದಿಂದ ಪಾರಾದೆನೆಂದಲ್ಲ. ಅಂದು ಕೆಲಸಕ್ಕೆ ಬಂದದ್ದು ಕನ್ನಡಿಗಿಂತ ಹೆಚ್ಚಾಗಿ ಆ ಗದ್ದಲ.

ಬೋಧನೆಯಿಂದ ಎಲ್ಲವೂ ಸರಿಹೋಗುವುದಿಲ್ಲವೆಂಬುದೂ ನಿಜ. ಅಂದು ಹಲವು ಮಣೆಗಳು ಖಾಲಿಯಾಗಿದ್ದುವು. ತಂದೆತಾಯಿಗಳೊಡನೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಗೋವೆಗೆ ಕಟ್ಟಡದ ಕೆಲಸಕ್ಕೆ ಹೋದ ಮಕ್ಕಳವು. ಸುಗ್ಗಿ ಮುಗಿದು ಅವರು ಮರಳುವ ಹೊತ್ತಿಗೆ ವಾರ್ಷಿಕ ಪರೀಕ್ಷೆಯೂ ಮುಗಿದಿರುತ್ತದೆ.

ನಾವು ಹೊರಡುವಾಗ ಅದೇ ಹುಡುಗಿ ಬಾಗಿಲವರೆಗೆ ಬಂದು, ‘ಗ್ರಹಣ ಹಿಡಿದಾಗ ಗ್ವಾಡಿ ಮ್ಯಾಲಿನ ಸೂರ್ಯಗೂ ಹಿಡೀತೈತೇನ್ರಿ ಸರ?’ ಎಂದು ಕೇಳಿದಳು. ಹಿಡಿಯುತ್ತದೆ. ೨೦೨೭ರ ಆಗಸ್ಟ್ ೨, ಸೋಮವಾರ ಸಂಜೆ ನಮ್ಮ ಜಿಲ್ಲೆಯಲ್ಲಿ ಸೂರ್ಯಗ್ರಹಣವು ಭಾಗಶಃ ಕಾಣಲಿದೆ. ಮೋಡವಿಲ್ಲದಿದ್ದರೆ, ಯಾರೂ ಸೂರ್ಯನನ್ನು ನೇರವಾಗಿ ನೋಡದೆ, ಕನ್ನಡಿಯನ್ನೂ ಸೂರ್ಯನನ್ನೂ ಬೆನ್ನಿಗಿಟ್ಟುಕೊಂಡು ಗೋಡೆಯ ಕಡೆಗೆ ತಿರುಗಿ ನಿಂತರೆ, ಕಚ್ಚಿದ ರೊಟ್ಟಿಯಂತಹ ಬಿಸಿಲು ಅಲ್ಲಿ ಕಾಣುವುದು. ಕನ್ನಡಿಯ ಚೂರು ಮಾತ್ರ ಹೊಸದಿರಬೇಕು. ಅಜ್ಜಿಯ ಕಾಂಚಳಿಯದು ಬರುವುದಿಲ್ಲ.