ಅನುಕರಣ ಭದ್ರತಾ ಚಿಪ್‌ನಲ್ಲಿ ಉಳಿಸಿಟ್ಟ ಸ್ಥಿತಿಯ ಸಿಂಧುತ್ವ

ಗಣಕಯಂತ್ರವು ಯಾವ ತಂತ್ರಾಂಶಗಳಿಂದ ಕಾರ್ಯಾರಂಭ ಮಾಡಿತೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುವುದು ಟಿಪಿಎಂ ಎಂಬ ಭದ್ರತಾ ಚಿಪ್‌ನ ಪ್ರಧಾನ ಕಾರ್ಯಗಳಲ್ಲೊಂದು. ಸಾಮಾನ್ಯ ಗಣಕಗಳಲ್ಲಿ ಇದರೊಳಗೆ 24 ಅಳತೆಕೋಶಗಳಿರುತ್ತವೆ. ಇವುಗಳಲ್ಲಿ ಇಷ್ಟಬಂದ ಮೌಲ್ಯವನ್ನು ಬರೆಯಲು ಬಾರದು. ಹಳೆಯ ಮೌಲ್ಯಕ್ಕೆ ಹೊಸ ಅಳತೆಯನ್ನು ಸೇರಿಸಿ, ಹ್ಯಾಷ್ ಎಂಬ ಗಣಿತಕ್ರಿಯೆಯಿಂದ ಬಂದ ಫಲವನ್ನೇ ಇಡಬೇಕು. ಆದುದರಿಂದ ಈ ಮೌಲ್ಯಗಳ ಪರಂಪರೆಯು ನಡುವೆ ತುಂಡಾಗಬಾರದು.

ಗಣಕವು ನಿದ್ರಾವಸ್ಥೆಗೆ ಹೋದಾಗ ಚಿಪ್‌ಗೆ ವಿದ್ಯುತ್ತು ತಪ್ಪಬಹುದು. ಅದಕ್ಕೆ ಮುನ್ನ ಡ್ರೈವರ್, ಅಂದರೆ ಚಿಪ್‌ನೊಡನೆ ವ್ಯವಹರಿಸುವ ತಂತ್ರಾಂಶವು, ಸ್ಥಿತಿಯನ್ನು ಉಳಿಸುವಂತೆ ಆಜ್ಞಾಪಿಸುತ್ತದೆ. ಎಚ್ಚರಗೊಂಡೊಡನೆ ಫರ್ಮ್‌ವೇರ್ ಅದನ್ನು ಮರಳಿ ಸ್ಥಾಪಿಸಲು ಹೇಳುತ್ತದೆ. ಉಳಿಸಿದ ಬಳಿಕ ಅಳತೆಕೋಶವೊಂದು ಬದಲಾಯಿತೆಂದರೆ ಆ ಪ್ರತಿ ಹಳತಾಯಿತು. ಅದು ಇನ್ನು ಸಿಂಧುವಲ್ಲ. ಆದಕಾರಣ ಉಳಿಸಿದ ಕ್ಷಣದಲ್ಲಿ ಒಂದು ಗುರುತನ್ನು ಹಾಕಿ, ಸ್ಥಿತಿಯನ್ನು ಬದಲಿಸುವ ಆಜ್ಞೆ ಬಂದ ಕೂಡಲೇ ಅದನ್ನು ಅಳಿಸುವುದು ಅವಶ್ಯ.

ಚಿಪ್‌ನ ಕಾರ್ಯವನ್ನು ತಂತ್ರಾಂಶವೇ ಅನುಕರಿಸುವಾಗ ಕಷ್ಟವು ಹೆಚ್ಚುತ್ತದೆ. ವರ್ಚುವಲ್ ಯಂತ್ರಗಳನ್ನು ನಡೆಸುವ ಕ್ಯುಎಮು ತಂತ್ರಾಂಶವು ಇಂಥ ಚಿಪ್‌ನ ಸ್ಥಿತಿಯನ್ನು ಮೂರು ಭಾಗಗಳಾಗಿ ಪಡೆಯುತ್ತದೆ: ಶಾಶ್ವತವಾದುದು, ಚಾಲನೆಯಲ್ಲಿರುವುದು, ನಿದ್ರೆಗಾಗಿ ಉಳಿಸಿಟ್ಟುದು. ಯಂತ್ರವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಮೂರೂ ಒಂದೇ ಕ್ಷಣದವಾಗಿರಬೇಕು. ಅದಕ್ಕಾಗಿ ನಡೆಯುತ್ತಿರುವ ಆಜ್ಞೆ ಮುಗಿಯುವವರೆಗೆ ಕಾದು, ಅನಂತರವೇ ಪ್ರತಿ ತೆಗೆಯಲಾಗುತ್ತದೆ. ಅಲ್ಲದೆ, ನಿಜವಾದ ಚಿಪ್‌ನ ಒಡಲನ್ನು ನಕಲು ಮಾಡುವುದು ಕಠಿನ. ಕಡತವನ್ನಾದರೋ ನಕಲು ಮಾಡಿಟ್ಟು ಹಳೆಯದನ್ನೇ ಮರಳಿ ತರಬಹುದು. ಕಡತದೊಳಗಿನ ಗುರುತೊಂದೇ ಈ ವಂಚನೆಯನ್ನು ತಡೆಯಲಾರದು. ಕಡತವನ್ನು ಕಾಯುವ ಹೊಣೆ ಆಶ್ರಯ ನೀಡಿದ ಸರ್ವರ್‌ನ ಮೇಲೆಯೇ ಬೀಳುತ್ತದೆ.

ಸಿಂಧುವಾದ ಪ್ರತಿಯೇ ಇಲ್ಲದಿದ್ದರೆ ಮಾಡತಕ್ಕುದೇನು? ಟಿಪಿಎಂ 1.2ರ ನಿಯಮದಂತೆ ಚಿಪ್ ವಿಫಲಾವಸ್ಥೆಗೆ ಸರಿಯಬೇಕು. 2.0ರಲ್ಲಿ ಚಿಪ್ ದೋಷವನ್ನು ತಿಳಿಸುತ್ತದೆ. ಆಗ ಫರ್ಮ್‌ವೇರ್ ಅದನ್ನು ಹೊಸದಾಗಿ ಆರಂಭಿಸಲು ಅವಕಾಶವಿತ್ತು. ಇದರ ಅಪಾಯವನ್ನು ದಕ್ಷಿಣ ಕೊರಿಯದ ಸಂಶೋಧಕರು 2018ರಲ್ಲಿ ತೋರಿಸಿಕೊಟ್ಟರು. ಸ್ಥಿತಿಯನ್ನು ಉಳಿಸದೆಯೇ ಗಣಕವನ್ನು ಮಲಗಿಸಿ ಎಬ್ಬಿಸಿದರೆ, ಕೆಲವು ಯಂತ್ರಗಳಲ್ಲಿ ಅಳತೆಕೋಶಗಳು ಆರಂಭದ ಮೌಲ್ಯಕ್ಕೆ ಮರಳುತ್ತಿದ್ದವು. ಆಗ ಆಕ್ರಮಣಕಾರನು ನಂಬಿಕೆಗೆ ಅರ್ಹವಾದ ಆರಂಭದ ಅಳತೆಗಳನ್ನೇ ಅಲ್ಲಿ ತುಂಬಿ, ಕೆಟ್ಟ ಯಂತ್ರವನ್ನು ಶುದ್ಧವೆಂದು ತೋರಿಸಬಹುದಾಗಿತ್ತು.

ಆದುದರಿಂದ ಪ್ರತಿಯ ಅಭಾವವನ್ನು ಹೊಸ ಆರಂಭವೆಂದು ಭಾವಿಸಲಾಗದು. ಸಂದೇಹವಿದ್ದಲ್ಲಿ ನಿರಾಕರಿಸುವುದೇ ಕ್ಷೇಮ. ನಿರಾಕರಣೆಯಿಂದ ಡಿಸ್ಕಿನ ಬೀಗ ತೆರೆಯದೆ, ಬಳಕೆದಾರನು ಪ್ರತ್ಯೇಕವಾಗಿ ಇಟ್ಟುಕೊಂಡ ಕೀಲಿಯನ್ನು ಹುಡುಕಬೇಕಾದೀತು. ಸುಳ್ಳುಸಾಕ್ಷಿಯನ್ನು ನಂಬಿದರೆ ಬೀಗಕ್ಕೆ ಅರ್ಥವೇ ಉಳಿಯದು.