ಸಾಲು ಮುರಿಯುವ ಲೆಕ್ಕ

ಪ್ರಾಜೆಕ್ಟ್ ರಿಪೋರ್ಟ್ ಸಲ್ಲಿಸುವ ಕಾಲ ಬಂತೆಂದರೆ ಹೊಸಹಳ್ಳಿ ಮೆಟ್ರೊ ನಿಲ್ದಾಣದಿಂದ ವಿಜಯನಗರದವರೆಗೂ ಜೆರಾಕ್ಸ್ ಅಂಗಡಿಗಳಿಗೆ ಬಿಡುವಿಲ್ಲ. ಬೈಂಡಿಂಗ್‌ಗೆಂದು ಎಡಗಡೆ ಹೆಚ್ಚು ಜಾಗ ಬಿಡಬೇಕು, ಅಕ್ಷರ 12 ಪಾಯಿಂಟ್ ಇರಬೇಕು, ಎರಡೂ ಅಂಚು ಸಮನಾಗಿ ನಿಲ್ಲಬೇಕು. ಕೊನೇ ಗಳಿಗೆಯಲ್ಲಿ ಚಿತ್ರವೊಂದನ್ನು ಸೇರಿಸಿದರೆ ಪುಟಗಳೆಲ್ಲ ಜಾರುತ್ತವೆ, ಪರಿವಿಡಿ ಸುಳ್ಳಾಗುತ್ತದೆ. ಈ ಗೋಳಿಗೆ ನಲವತ್ತು ವರ್ಷಗಳ ಹಿಂದೆಯೇ ಸಿದ್ಧವಾದ ತಂತ್ರಾಂಶ ಟೆಕ್.

1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಎರಡನೇ ಆವೃತ್ತಿಯ ಕರಡು ನೋಡಿ ಬೇಸರಪಟ್ಟರು. ಅಚ್ಚುಮೊಳೆಗಳ ಕಾಲ ಮುಗಿದು ಫೋಟೊ ಜೋಡಣೆ ಬಂದಿತ್ತು; ಗಣಿತದ ಪುಟಗಳು ಕಳೆಗುಂದಿದ್ದವು. ತಾನೇ ಒಂದು ಪ್ರೋಗ್ರಾಂ ಬರೆದರಾಯಿತು ಎಂದು ಕೈಹಾಕಿದ ಕೆಲಸ ಹತ್ತು ವರ್ಷ ಹಿಡಿಯಿತು. ಈಗ ಅವರು ತಿದ್ದುಪಡಿ ಮಾಡಿದಾಗಲೆಲ್ಲ ಆವೃತ್ತಿಯ ಸಂಖ್ಯೆಗೆ ಪೈ ಬೆಲೆಯ ಇನ್ನೊಂದು ಅಂಕಿ ಸೇರುತ್ತದೆ, 2021ರದ್ದು 3.141592653. ಲೆಸ್ಲಿ ಲ್ಯಾಂಪೋರ್ಟ್ ಇದರ ಮೇಲೆ ಲೇಟೆಕ್ ಕಟ್ಟಿದರು. ಅದರಲ್ಲಿ ಬರೆಯುವವರು 'ಇದು ಅಧ್ಯಾಯ', 'ಇದು ಅಡಿಟಿಪ್ಪಣಿ' ಎಂದಷ್ಟೇ ಗುರುತು ಹಾಕುತ್ತಾರೆ. ರೂಪದ ನಿಯಮಗಳೆಲ್ಲ ಬೇರೆ ಕಡತದಲ್ಲಿರುತ್ತವೆ. ಎಂಜಿನಿಯರುಗಳ ಸಂಸ್ಥೆ ಐಇಇಇಯ ಪತ್ರಿಕೆಗೆ ಬರೆದದ್ದನ್ನು ಇನ್ನೊಂದಕ್ಕೆ ಕಳಿಸಬೇಕಾದರೆ ಮೊದಲ ಸಾಲಿನಲ್ಲಿ ಆ ಕಡತದ ಹೆಸರು ಬದಲಿಸಿದರೆ ಬಹುಪಾಲು ಕೆಲಸ ಮುಗಿಯಿತು.

ಟೆಕ್‌ನ ನಿಜವಾದ ಜಾಣ್ಮೆ ಇರುವುದು ಸಾಲು ಮುರಿಯುವುದರಲ್ಲಿ. ಸಾಮಾನ್ಯ ವರ್ಡ್ ಪ್ರೊಸೆಸರ್ ಒಂದು ಸಾಲಿಗೆ ಹಿಡಿಸುವಷ್ಟು ಪದ ತುಂಬಿ ಮುಂದಕ್ಕೆ ಹೋಗುತ್ತದೆ, ತಿರುಗಿ ನೋಡುವುದಿಲ್ಲ. ಮದುವೆ ಊಟಕ್ಕೆ ಬಂದವರನ್ನು ಬಂದಂತೆ ಕೂರಿಸಿದರೆ ಒಂದು ಪಂಕ್ತಿ ಒತ್ತೊತ್ತಾಗಿ ಇನ್ನೊಂದು ಖಾಲಿ ಹೊಡೆಯುತ್ತದಲ್ಲ, ಹಾಗೆ. ಟೆಕ್ ಇಡೀ ಪ್ಯಾರಾ ಓದಿಯೇ ಮೊದಲ ಸಾಲನ್ನು ತೀರ್ಮಾನಿಸುತ್ತದೆ. ಪದಗಳ ನಡುವಿನ ಜಾಗಕ್ಕೆ ಇಷ್ಟು ಹಿಗ್ಗಬಹುದು, ಇಷ್ಟು ಕುಗ್ಗಬಹುದು ಎಂಬ ಮಿತಿ ಇದೆ. ಹಿಗ್ಗನ್ನು ಪೂರ್ತಿ ಬಳಸಿದ ಸಾಲಿಗೆ 100 ದಂಡ. ದಂಡ ಏರುವುದು ಘನದ ಲೆಕ್ಕದಲ್ಲಿ: ಅರ್ಧ ಹಿಗ್ಗಿದರೆ ಬರೀ 12, ಎರಡು ಪಟ್ಟು ಹಿಗ್ಗಿದರೆ 800. ಪದವನ್ನು ಅಡ್ಡಗೆರೆ ಹಾಕಿ ಒಡೆದರೆ ಅದಕ್ಕೂ ಬೇರೆ ದಂಡವಿದೆ, ಅಡ್ಡಗೆರೆ ಎರಡು ಸಾಲಿಗೆ ಬೆನ್ನುಬೆನ್ನಿಗೆ ಬಂದರಂತೂ ದೊಡ್ಡ ದಂಡ. ಒಟ್ಟು ದಂಡ ಅತಿ ಕಡಿಮೆಯಾಗುವ ಜೋಡಣೆ ಗೆಲ್ಲುತ್ತದೆ. ಪದಗಳ ನಡುವೆ ಮೂವತ್ತು ಜಾಗಗಳಿದ್ದರೆ ಮುರಿಯುವ ಬಗೆಗಳು ನೂರು ಕೋಟಿ ದಾಟುತ್ತವೆ. ಎಲ್ಲವನ್ನೂ ಪರೀಕ್ಷಿಸುತ್ತ ಕೂರುವ ಅಗತ್ಯವಿಲ್ಲ. ಸಾಲು ಮುರಿಯಬಹುದಾದ ಪ್ರತಿ ತಾಣಕ್ಕೆ ಬರಲು ಅತ್ಯುತ್ತಮ ದಾರಿ ಯಾವುದೆಂದು ನೆನಪಿಟ್ಟು ಉಳಿದವನ್ನು ಕೈಬಿಡುವ ಈ ವಿಧಾನವನ್ನು ಕ್ನೂತ್ ಮತ್ತು ಮೈಕಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದರು.

ಈಗ ಕನ್ನಡಕ್ಕೆ ಬನ್ನಿ. ಐಇಇಇ ಪುಟದ ಕಾಲಂ ಅಗಲ ಸುಮಾರು ಮೂರೂವರೆ ಇಂಚು. ಇಂಗ್ಲಿಷಿನ ಏಳೆಂಟು ಪದ ಹಿಡಿಸುವ ಆ ಸಾಲಿಗೆ 'ಪರಿಗಣಿಸಬೇಕಾಗಿರುವುದರಿಂದ' ಎಂಬಂಥದ್ದು ಬಂದು ಕೂತರೆ ಇನ್ನೆರಡು ಮೂರು ಪದಕ್ಕೆ ಮಾತ್ರ ಜಾಗ. ಪದ ಕಡಿಮೆಯಾದರೆ ನಡುವಿನ ಜಾಗಗಳೂ ಕಡಿಮೆ, ಹಿಗ್ಗುವ ಭಾರವೆಲ್ಲ ಆ ಎರಡು ಮೂರರ ಮೇಲೆ ಬೀಳುತ್ತದೆ. ಕನ್ನಡ ಪ್ರಬಂಧಗಳಲ್ಲಿ ಪುಟದ ನಡುವೆ ಬಿಳಿಯ ಕಾಲುವೆಗಳು ಹರಿಯುವುದು ಇದರಿಂದಲೇ. ಎರಡೂ ಅಂಚು ಸಮ ಇರಲೇಬೇಕೆಂಬ ನಿಯಮವನ್ನು ಕನ್ನಡಕ್ಕೆ ಹಾಗೇ ಹೊರಿಸಿದವರು ಒಮ್ಮೆ ಆ ಪುಟ ನೋಡಬೇಕಿತ್ತು.

ಇದಕ್ಕೆ ಮದ್ದೂ ನಮ್ಮ ಲಿಪಿಯಲ್ಲೇ ಇದೆ. ಇಂಗ್ಲಿಷ್ ಪದವನ್ನು ಎಲ್ಲೆಂದರಲ್ಲಿ ಒಡೆಯುವಂತಿಲ್ಲ. ಟೆಕ್ ಅದಕ್ಕಾಗಿ 4447 ಮಾದರಿಗಳ ಪಟ್ಟಿ ಇಟ್ಟುಕೊಂಡಿದೆ. ಕನ್ನಡದಲ್ಲಿ ಅಕ್ಷರದಿಂದ ಅಕ್ಷರಕ್ಕೆ ಒಡೆಯಬಹುದು. ತಂತ್ರಜ್ಞ ಸಂತೋಷ್ ತೋಟ್ಟಿಂಗಲ್ ಕನ್ನಡಕ್ಕೆ ಬರೆದ ಪಟ್ಟಿ ತೀರ ಚಿಕ್ಕದು. ಅದಕ್ಕೆ ಸಂಧಿ ಮಾತ್ರ ತಿಳಿಯದು: 'ಸೂರ್ಯೋದಯ' ಒಡೆದು ಮುಂದಿನ ಸಾಲು 'ದಯ' ಎಂದು ಶುರುವಾದರೂ ಅದಕ್ಕೆ ತಪ್ಪೆನಿಸುವುದಿಲ್ಲ. ಸಾಲುಗಳ ನಡುವಿನ ಅಂತರದ್ದು ಇನ್ನೊಂದು ತಕರಾರು. 'ರಾಷ್ಟ್ರ'ದಂಥ ಪದದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುವಂತಾದರೆ ಟೆಕ್ ಆ ಸಾಲೊಂದನ್ನೇ ಕೆಳಗೆ ತಳ್ಳುತ್ತದೆ. ಪುಟದ ಲಯ ಕೆಡುತ್ತದೆ. ಮೊದಲೇ ಅಂತರ ಹೆಚ್ಚಿಸಿಡುವುದೇ ವಾಸಿ.

ಟೆಕ್‌ಗೆ ಕನ್ನಡ ಕಲಿಸಲು ನಮ್ಮವರು ಮೊದಲೇ ದುಡಿದಿದ್ದಾರೆ. ಗಣಿತಜ್ಞ ಸಿ.ಎಸ್. ಯೋಗಾನಂದ ಶ್ರೀರಂಗಪಟ್ಟಣದಲ್ಲಿ ತಮ್ಮ ಸಂಸ್ಥೆಯ ಮೂಲಕ ಕನ್ನಡಟೆಕ್ ಬೆಳೆಸಿದರು. 2004ರಲ್ಲಿ ಟೆಕ್‌ನ ಹೊಸ ರೂಪವಾಗಿ ಜೊನಾಥನ್ ಕ್ಯೂ ಅವರ ಝೀಟೆಕ್ ಬಂದಿತು. ಯೂನಿಕೋಡ್ ಕನ್ನಡವನ್ನು ಈಗ ಅದಕ್ಕೆ ನೇರವಾಗಿ ಉಣಿಸಬಹುದು. 'ಕರ್ಮ' ಎಂದು ಟೈಪಿಸುವಾಗ ಮೊದಲು ಬಂದ ರಕಾರವನ್ನು ಮಕಾರದ ಬಲಕ್ಕೆ ಅರ್ಕಾವತ್ತಾಗಿ ಕೂರಿಸುವ ಕೆಲಸ ಅಕ್ಷರ ಹೆಣೆಯುವ ಭಾಗದ್ದು.

ಉಳಿದದ್ದು ಹೆಸರಿನ ತೊಡಕು. ಆಧಾರಗ್ರಂಥಗಳ ಪಟ್ಟಿ ಕಟ್ಟುವ ಬಿಬ್‌ಟೆಕ್ ಅನ್ನು ಓರೆನ್ ಪಟಾಶ್ನಿಕ್ 1985ರಲ್ಲಿ ಬರೆದರು. ಹೆಸರಿನ ಕೊನೆಯ ಪದವೇ ಮನೆತನದ್ದು ಎಂದು ಅದು ನಂಬಿದೆ. ಬೇಂದ್ರೆಯವರಿಗೆ ಇದು ಹೊಂದುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮಾತ್ರ 'ಅಯ್ಯಂಗಾರ್' ಆಗಿ ಪಟ್ಟಿಯ ಆರಂಭಕ್ಕೆ ಹಾರುತ್ತಾರೆ. ಮಾಸ್ತಿ ಅವರ ಊರಿನ ಹೆಸರೆಂದು ಯಂತ್ರಕ್ಕೆ ಹೇಳುವವರು ಯಾರು? ಮುಂದಿನ ಪದಗಳನ್ನು ಮೊದಲಕ್ಷರಕ್ಕೆ ಇಳಿಸಲು ಹೊರಟರೆ ಇನ್ನೂ ಕೆಡುತ್ತದೆ. ಹಳೆಯ ಬಿಬ್‌ಟೆಕ್ ಒಂದು ಬೈಟ್ ಅನ್ನೇ ಒಂದು ಅಕ್ಷರವೆಂದುಕೊಳ್ಳುತ್ತದೆ, ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್. ಮೂರರಲ್ಲಿ ಒಂದನ್ನು ಕತ್ತರಿಸಿದರೆ ಅದು ಯಾವ ಅಕ್ಷರವೂ ಅಲ್ಲ. ಹಾಗಾಗಿ ಕನ್ನಡ ಪ್ರಬಂಧ ಜೋಡಿಸುವವರು ಹೆಸರಿಗೆ ಎರಡೆರಡು ಪುಷ್ಪಾವರಣ ಹಾಕಬೇಕು. ಆಗ ಅದು ಒಳಗಿರುವುದನ್ನು ಒಂದೇ ಹೆಸರೆಂದು ತಿಳಿದು ಮುಟ್ಟದೆ ಬಿಡುತ್ತದೆ, ಮಾಸ್ತಿ ತಮ್ಮ ಮಕಾರದಲ್ಲೇ ಉಳಿಯುತ್ತಾರೆ.